ಊರಿಗೆ ಬಂದವರು ವಾಪಸು ಟಿಕೆಟ್ ಇನ್ನೂ ಜೀವಂತವಾಗಿದೆಯೇ ಎಂದು ನೋಡಿಕೊಳ್ಳಿ: ಕೊಲ್ಲಿ ಕನ್ನಡಿಗರಿಗೊಂದು ಎಚ್ಚರಿಕೆ

ದುಬೈ, ಶಾರ್ಜಾ, ಅಬುಧಾಬಿಗಳಲ್ಲಿ ದುಡಿಯುತ್ತ, ಮಕ್ಕಳ ಬೇಸಿಗೆ ರಜೆಗೆ ಮಂಗಳೂರು, ಉಡುಪಿ, ಕುಂದಾಪುರದ ಕಡೆಗೆ ಬಂದುಹೋಗುವ ಕುಟುಂಬಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಟ್ರಾವೆಲ್ ಏಜೆಂಟರಿಂದ ಹೋಗಿಬರುವ ಟಿಕೆಟ್ ಕೊಂಡವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ವಾಟ್ಸಾಪ್‌ನಲ್ಲಿ ಬಂದ ಒಂದು ಪಿಡಿಎಫ್ ಮಾತ್ರ. ಆ ಪಿಡಿಎಫ್ ಅಸಲಿಯಾಗಿದ್ದೂ, ಹಣ ಪೂರ್ತಿ ಸಂದಾಯವಾಗಿದ್ದೂ, ವಿಮಾನ ಹತ್ತುವ ದಿನ ನಿಮ್ಮ ಹೆಸರಿನಲ್ಲಿ ಸೀಟೇ ಇಲ್ಲದಿರಬಹುದು. 2024ರ ಆಗಸ್ಟ್ ಕೊನೆಯಲ್ಲಿ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ನಮಗೆ ಆದದ್ದು ಇದೇ.

ಕೊಲ್ಲಿಯ ಭಾರತೀಯ ಪಠ್ಯಕ್ರಮದ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ. ಅಲ್ಲಿ ಮನೆಯಿಂದ ಹೊರಗೆ ಕಾಲಿಡಲಾಗದಷ್ಟು ಬಿಸಿಲು ಇರುವಾಗ ನಮ್ಮ ಕರಾವಳಿಯಲ್ಲಿ ಆಟಿ ತಿಂಗಳ ಮಳೆ. ಮದುವೆ, ಗೃಹಪ್ರವೇಶಗಳಿಲ್ಲದ ಈ ಕಾಲದಲ್ಲಿ ಬಂಧುಗಳು, ಹಳೆಯ ಗೆಳೆಯರು ಮನೆಯಲ್ಲೇ ಸಿಗುತ್ತಾರೆ. ಪತ್ರೊಡೆ, ಕಣಿಲೆಯ ಪಲ್ಯ ಸಿಗುತ್ತದೆ. ಹಾಗಾಗಿ ನಮಗೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಆದರೆ ಎಲ್ಲ ಕುಟುಂಬಗಳೂ ಅದೇ ವಾರ ಹೊರಟು ಅದೇ ವಾರ ಮರಳುವುದರಿಂದ ಟಿಕೆಟ್ ದರ ಮುಟ್ಟಲಾಗದಷ್ಟು ಏರುತ್ತದೆ. ಏಜೆಂಟರು ಬೇಕಾಗುವುದು ಇಲ್ಲಿಯೇ. ತಿಂಗಳುಗಳ ಮೊದಲೇ ಸೀಟು ಹಿಡಿದಿಟ್ಟು, ಒಂದಿಷ್ಟು ಕಡಿಮೆ ದರಕ್ಕೆ ಕೊಟ್ಟು, ಹಣವನ್ನು ಎರಡು ಮೂರು ಕಂತುಗಳಲ್ಲಿ ಪಡೆಯುವ ಸೌಕರ್ಯ ಅವರಲ್ಲಿ ಸಿಗುತ್ತದೆ. ಸಣ್ಣ ಸಂಬಳದವರು ಅವರನ್ನೇ ನೆಚ್ಚಿಕೊಂಡಿರುವುದಕ್ಕೆ ಕಾರಣವಿದೆ. ಪ್ರಾಮಾಣಿಕವಾಗಿ ನಡೆದುಕೊಳ್ಳುವ ಏಜೆಂಟರೂ ಬಹಳ ಮಂದಿ ಇದ್ದಾರೆ.

ನಾವು ಟಿಕೆಟ್ ಕೊಂಡದ್ದು ದುಬೈನ ದೇರಾದಲ್ಲಿರುವ ಒಂದು ಏಜೆನ್ಸಿಯಿಂದ. ನಡೆಸುವವರು ನಮ್ಮೂರಿನ ಕಡೆಯವರೇ, ಸಂಘದ ಕಾರ್ಯಕ್ರಮಗಳಲ್ಲಿ ಎದುರಾದಾಗ ಹೆಸರು ಹಿಡಿದು ಮಾತನಾಡಿಸುವವರು. ಟಿಕೆಟ್ ಬಂದ ದಿನ ವಿಮಾನ ಕಂಪನಿಯ ಜಾಲತಾಣದಲ್ಲಿ ಪಿಎನ್ಆರ್ (ಬುಕಿಂಗ್ ಗುರುತಿನ ಸಂಕೇತ) ಹಾಕಿ ನೋಡಿದ್ದೆ; ಹೋಗುವ, ಬರುವ ಎರಡೂ ಪ್ರಯಾಣಗಳು ಖಚಿತ ಎಂದು ತೋರಿಸುತ್ತಿದ್ದವು. ಜುಲೈಯಲ್ಲಿ ಯಾವ ತೊಂದರೆಯೂ ಇಲ್ಲದೆ ಮಂಗಳೂರಿಗೆ ಬಂದಿಳಿದೆವು.

ಹೊರಡುವ ವಾರ ಏಜೆನ್ಸಿಗೆ ಫೋನ್ ಮಾಡಿ ಕೇಳಿದಾಗ, "ಟಿಕೆಟ್ ಓಕೆ ಉಂಟು ಮಾರಾಯ್ರೆ, ನೀವು ಟೆನ್ಷನ್ ಮಾಡ್ಬೇಡಿ" ಎಂಬ ಉತ್ತರ ಬಂತು. ವೆಬ್ ಚೆಕ್‌ಇನ್ ಆಗುತ್ತಿಲ್ಲವಲ್ಲ ಎಂದದ್ದಕ್ಕೆ, ಸೀಸನ್‌ನಲ್ಲಿ ಹಾಗೆಯೇ, ಕೌಂಟರಿನಲ್ಲಿ ಮಾಡಿಕೊಡುತ್ತಾರೆ ಎಂದರು. ವಿಮಾನ ನಿಲ್ದಾಣದ ಬಾಗಿಲಿನಲ್ಲಿ ಭದ್ರತಾ ಸಿಬ್ಬಂದಿ ಪಾಸ್‌ಪೋರ್ಟಿನ ಹೆಸರನ್ನೂ ಟಿಕೆಟ್ ಪ್ರತಿಯ ಹೆಸರನ್ನೂ ತಾಳೆ ನೋಡಿ ಒಳಗೆ ಬಿಟ್ಟರು. ಬಾಗಿಲಿನಲ್ಲಿ ನೋಡುವುದು ಕಾಗದವನ್ನು. ಆ ಬುಕಿಂಗ್ ಈಗಲೂ ಇದೆಯೇ ಎಂಬುದನ್ನಲ್ಲ. ಕೌಂಟರಿನಲ್ಲಿದ್ದ ಹುಡುಗಿ ಪಾಸ್‌ಪೋರ್ಟುಗಳ ವಿವರಗಳನ್ನು ಒಂದೊಂದಾಗಿ ಕಂಪ್ಯೂಟರಿನಲ್ಲಿ ಹಾಕಿ ನೋಡಿ, ಮೇಲ್ವಿಚಾರಕರನ್ನು ಕರೆದು, ಕೊನೆಗೆ, "ಸರ್, ಈ ಪಿಎನ್ಆರ್‌ನಲ್ಲಿ ಮಂಗಳೂರು–ದುಬೈ ಸೆಕ್ಟರ್ ಇಲ್ಲ, ರೀಫಂಡ್ ಆಗಿದೆ" ಎಂದಳು. ಬೆಲ್ಟಿನ ಮೇಲೆ ಇಟ್ಟಿದ್ದ ಪೆಟ್ಟಿಗೆಗಳನ್ನು ಇಳಿಸಬೇಕಾಯಿತು. ಒಮ್ಮೆ ಟರ್ಮಿನಲ್ ಒಳಗೆ ಹೋದವರು ಹಾಗೆಯೇ ಹೊರಗೆ ಬರುವಂತೆಯೂ ಇಲ್ಲ. ಕಂಪನಿಯ ಸಿಬ್ಬಂದಿಯೊಬ್ಬರು ಜೊತೆಗೆ ಬಂದು, ಬಾಗಿಲ ಬಳಿಯ ರಿಜಿಸ್ಟರಿನಲ್ಲಿ ಪ್ರತಿಯೊಬ್ಬರ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಕಾರಣ ಬರೆಸಿದ ಮೇಲೆ ಬಿಟ್ಟರು. ನಮ್ಮನ್ನು ಇಳಿಸಿ ಮರಳುತ್ತಿದ್ದ ಭಾವ ಅಷ್ಟರಲ್ಲಿ ಕಾವೂರು ದಾಟಿದ್ದರು. ಅವರನ್ನು ಮತ್ತೆ ಕರೆಸಿಕೊಂಡೆವು.

ನಡೆದದ್ದೇನೆಂದು ಮೇಲ್ವಿಚಾರಕರು ತಮ್ಮ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿ ತೋರಿಸಿದ ಮೇಲೆ ಅರ್ಥವಾಯಿತು. ವೇಳಾಪಟ್ಟಿ ಬದಲಾದ ಕಾರಣ ಆ ದಿನದ ವಿಮಾನವನ್ನು ಕಂಪನಿ ಹಲವು ವಾರಗಳ ಹಿಂದೆಯೇ ರದ್ದು ಮಾಡಿ, ಮರುದಿನದ ವಿಮಾನವನ್ನು ಒಪ್ಪಿಕೊಳ್ಳಿ ಅಥವಾ ಹಣ ಹಿಂಪಡೆಯಿರಿ ಎಂದು ಬುಕಿಂಗ್‌ನಲ್ಲಿದ್ದ ಸಂಪರ್ಕ ವಿವರಕ್ಕೆ ಸಂದೇಶ ಕಳಿಸಿತ್ತು. ಆ ಸಂಪರ್ಕ ವಿವರದಲ್ಲಿದ್ದ ಮೊಬೈಲ್ ಸಂಖ್ಯೆಯೂ ಇಮೇಲ್ ವಿಳಾಸವೂ ಏಜೆನ್ಸಿಯವು. ಅವರು ಹಣ ವಾಪಸು ಎಂಬುದನ್ನು ಆರಿಸಿಕೊಂಡಿದ್ದರು, ಅದು ಅವರ ಖಾತೆಗೆ ಜಮೆಯೂ ಆಗಿತ್ತು. ಮುಂದೆ ಅಗ್ಗದ ಸೀಟು ಸಿಕ್ಕಾಗ ಮಾಡಿಕೊಟ್ಟರಾಯಿತು ಎಂಬ ಲೆಕ್ಕಾಚಾರವೋ, ಆ ಹಣ ಬೇರೆ ಯಾರದೋ ಟಿಕೆಟ್‌ಗೆ ಬಳಕೆಯಾಯಿತೋ, ಅವರೇ ಹೇಳಬೇಕು. ಫೋನಿನಲ್ಲಿ "ಓಕೆ ಉಂಟು" ಎಂದು ಹೇಳುವ ಹೊತ್ತಿಗೆ ಟಿಕೆಟ್ ಇರಲಿಲ್ಲವೆಂಬುದಂತೂ ದಿನಾಂಕ ಸಹಿತ ಪರದೆಯ ಮೇಲಿತ್ತು.

ಏಜೆಂಟರು ತಮ್ಮದೇ ಸಂಖ್ಯೆ ಹಾಕುವುದು ಹಲವೆಡೆ ರೂಢಿಯಾಗಿಬಿಟ್ಟಿದೆ. ಗಿರಾಕಿ ಮುಂದಿನ ಸಲ ನೇರವಾಗಿ ಕಂಪನಿಗೇ ಹೋಗಬಾರದೆಂಬ ವ್ಯಾಪಾರದ ಎಚ್ಚರ ಅದರ ಹಿಂದಿರಬಹುದು, ಆದರೆ ಅದರ ಪರಿಣಾಮ ಬೀಳುವುದು ಪ್ರಯಾಣಿಕನ ಮೇಲೆ. ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದ ಪ್ರಕಾರ, ವಿಮಾನ ರದ್ದಾಗುವುದನ್ನು ಕಂಪನಿ ಎರಡು ವಾರ ಮೊದಲೇ ತಿಳಿಸಿದರೆ ಪರ್ಯಾಯ ವಿಮಾನವನ್ನೋ ಟಿಕೆಟಿನ ಹಣವನ್ನೋ ಕೊಟ್ಟರೆ ಸಾಕು. ಬುಕಿಂಗ್ ಮಾಡುವಾಗ ಸರಿಯಾದ ಸಂಪರ್ಕ ವಿವರ ಕೊಡದ ಪ್ರಯಾಣಿಕನಿಗೆ ಪರಿಹಾರಧನ ಸಲ್ಲುವುದಿಲ್ಲ. ಕಂಪನಿಯ ದೃಷ್ಟಿಯಲ್ಲಿ ನಮಗೆ ತಿಳಿಸಿಯಾಗಿತ್ತು, ಹಣವನ್ನೂ ಕೊಟ್ಟಾಗಿತ್ತು. ಏಜೆಂಟರು ಕಂಪನಿಯ ಪ್ರತಿನಿಧಿಗಳಾದ್ದರಿಂದ ಅವರ ಮೂಲಕ ಕೊಂಡ ಟಿಕೆಟಿನ ಮರುಪಾವತಿಯ ಹೊಣೆ ಕಂಪನಿಯದೇ ಎಂದು ಅದೇ ನಿಯಮಗಳಲ್ಲಿ ಇದೆ ನಿಜ. ಆದರೆ ಪೆಟ್ಟಿಗೆಗಳನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಮಳೆಯಲ್ಲಿ ನಿಂತವರಿಗೆ ಆ ಸಾಲು ಆಗ ಯಾವ ಉಪಯೋಗಕ್ಕೂ ಬರಲಿಲ್ಲ.

ಆ ವಾರ ಮಂಗಳೂರಿನಿಂದ ನಾಲ್ವರಿಗೆ ಒಟ್ಟಿಗೆ ಸೀಟೇ ಇರಲಿಲ್ಲ. ಮರುದಿನ ಕಣ್ಣೂರಿನಿಂದ ಹೊರಡುವ ವಿಮಾನದಲ್ಲಿ, ಮೊದಲು ಕೊಟ್ಟ ದರದ ಹಲವು ಪಟ್ಟು ತೆತ್ತು ಟಿಕೆಟ್ ಕೊಂಡೆವು. ಕಣ್ಣೂರು ವಿಮಾನ ನಿಲ್ದಾಣವಿರುವುದು ಪೇಟೆಯಲ್ಲಲ್ಲ, ಇನ್ನೂ ಒಳಗೆ ಮಟ್ಟನ್ನೂರಿನಲ್ಲಿ. ತಲಪಾಡಿ ದಾಟಿದ ಮೇಲೆ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದಿಂದಾಗಿ ದಾರಿಯುದ್ದಕ್ಕೂ ಅಗೆದ ಮಣ್ಣು, ಕೆಸರು, ತಿರುವುದಾರಿಗಳು. ಮಧ್ಯಾಹ್ನದ ವಿಮಾನವೆಂದು ಬೆಳಗಿನ ಜಾವಕ್ಕೇ ಹೊರಟದ್ದು ಒಳ್ಳೆಯದಾಯಿತು.

ಇದೇ ರಜೆಯಲ್ಲಿ ಗೆಳೆಯನೊಬ್ಬನ ಕುಟುಂಬಕ್ಕೆ ಆದದ್ದು ಬೇರೆ ಬಗೆಯ ಪೆಟ್ಟು. ದುಬೈ–ಬೆಂಗಳೂರು ಒಂದು ಟಿಕೆಟ್, ಬೆಂಗಳೂರು–ಮಂಗಳೂರು ಇನ್ನೊಂದು ಕಂಪನಿಯ ಪ್ರತ್ಯೇಕ ಟಿಕೆಟ್; ಎರಡನ್ನೂ ಏಜೆಂಟರು ಒಂದೇ ಪುಟದಲ್ಲಿ ಮುದ್ರಿಸಿ "ಕನೆಕ್ಷನ್" ಎಂದು ಕೊಟ್ಟಿದ್ದರು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿತು. ಬೇರೆ ಬೇರೆ ಟಿಕೆಟ್ ಆದ್ದರಿಂದ ಎರಡನೆಯ ಕಂಪನಿಗೆ ಅದರ ಹೊಣೆಯಿಲ್ಲ. ಹೊಸ ಟಿಕೆಟ್ ಕೊಂಡ ಮೇಲೂ, ಅಂತರರಾಷ್ಟ್ರೀಯ ಟಿಕೆಟ್‌ನಲ್ಲಿ ತಲಾ ಮೂವತ್ತು ಕಿಲೋ ತಂದವರಿಗೆ ದೇಶದೊಳಗಿನ ವಿಮಾನದಲ್ಲಿ ಹದಿನೈದೇ ಕಿಲೋ. ಉಳಿದದ್ದಕ್ಕೆ ಕಿಲೋ ಲೆಕ್ಕದಲ್ಲಿ ಹಣ. ಬಸ್ಸಿನಲ್ಲೋ ರೈಲಿನಲ್ಲೋ ಹೋಗೋಣವೆಂದರೆ 2024ರ ಜುಲೈ ಕೊನೆಯಲ್ಲಿ ಸಕಲೇಶಪುರದ ಬಳಿ ದೊಡ್ಡತಪ್ಪಲೆಯಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಿತ್ತು, ಯಡಕುಮಾರಿ ಕಡೆಯಲ್ಲಿ ಹಳಿಯ ಕೆಳಗಿನ ಮಣ್ಣು ಜಾರಿ ರೈಲುಗಳೂ ನಿಂತಿದ್ದವು. ಮಳೆಗಾಲದಲ್ಲಿ ಮಂಗಳೂರಿಗೆ ಬರುವವರು ಬೆಂಗಳೂರಿನ ಮೂಲಕ ಬರುವುದಾದರೆ ಕೊನೆಯ ಊರಿನವರೆಗೆ ಒಂದೇ ಟಿಕೆಟ್ ಇರುವಂತೆ ನೋಡಿಕೊಳ್ಳುವುದೇ ಲೇಸು.

ಹಣದ ವಿಚಾರಕ್ಕೆ ಬರುತ್ತೇನೆ. "ಕಂಪನಿಯಿಂದ ಇನ್ನೂ ಬಂದಿಲ್ಲ" ಎಂದು ಏಜೆನ್ಸಿಯವರು ತಿಂಗಳುಗಟ್ಟಲೆ ಹೇಳುತ್ತಲೇ ಬಂದರು. ಆ ಮಾತು ನಿಂತದ್ದು ಒಂದೇ ಕಾಗದದಿಂದ: ಟಿಕೆಟಿನ ಮೊತ್ತವನ್ನು ಯಾವ ದಿನಾಂಕದಂದು ಯಾವ ಏಜೆನ್ಸಿಯ ಖಾತೆಗೆ ಮರಳಿಸಲಾಗಿದೆ ಎಂದು ವಿಮಾನ ಕಂಪನಿಯಿಂದ ಬರೆಸಿಕೊಂಡ ಇಮೇಲ್. ಅದನ್ನು ತೋರಿಸಿದ ಮೇಲೆ "ನಮ್ಮವರ ನಡುವೆ ಇದೆಲ್ಲ ಯಾಕೆ" ಎಂಬ ಸಲಿಗೆಯ ಮಾತಿನೊಂದಿಗೆ ಕಂತುಗಳು ಬರತೊಡಗಿದವು, ಅದರಲ್ಲೂ ಸರ್ವೀಸ್ ಚಾರ್ಜ್ ಎಂದು ಒಂದಿಷ್ಟು ಹಿಡಿದುಕೊಂಡರು. ಕಣ್ಣೂರಿನ ಟಿಕೆಟಿಗೆ ಹೆಚ್ಚಾಗಿ ತೆತ್ತ ಹಣವನ್ನು ಯಾರೂ ಕೊಡಲಿಲ್ಲ. ಇಂಥದ್ದು ಆದವರು ಮೊದಲು ಆ ಇಮೇಲ್ ಪಡೆದುಕೊಳ್ಳಿ, ಅದನ್ನೂ ಹಣ ಕೊಟ್ಟ ರಸೀದಿಯನ್ನೂ ಲಗತ್ತಿಸಿ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ತಾಣದಲ್ಲಿ ದೂರು ಹಾಕಿ.

ಮುಂದಿನ ರಜೆಗೆ ಈಗಾಗಲೇ ಟಿಕೆಟ್ ಮಾಡಿಸಿದವರು ವಿಮಾನ ಕಂಪನಿಯ ಸ್ವಂತ ತಾಣದಲ್ಲಿ ಪಿಎನ್ಆರ್ ಮತ್ತು ಕುಲನಾಮ ಹಾಕಿ ಬುಕಿಂಗ್ ತೆರೆಯುತ್ತದೆಯೇ ನೋಡಿ, ಸಂಪರ್ಕ ವಿವರದಲ್ಲಿ ನಿಮ್ಮ ಸಂಖ್ಯೆ ಇಲ್ಲದಿದ್ದರೆ ಸೇರಿಸಿ. ತಾಣದಲ್ಲಿ ಆಗದಿದ್ದರೆ ಕಂಪನಿಗೆ ಫೋನ್ ಮಾಡಿ ಸೇರಿಸಲು ಕೇಳಿ. ಪಿಎನ್ಆರ್ ಇದೆ ಎಂದ ಮಾತ್ರಕ್ಕೆ ಟಿಕೆಟ್ ಆಗಿದೆ ಎಂದುಕೊಳ್ಳುವಂತಿಲ್ಲ. ಸೀಟು ಬರೇ ಹಿಡಿದಿಟ್ಟಿದ್ದರೂ ಪಿಎನ್ಆರ್ ಬರುತ್ತದೆ, ಗಡುವು ಮೀರಿದರೆ ತಾನಾಗಿ ರದ್ದಾಗುತ್ತದೆ. ದೊಡ್ಡ ಕಂಪನಿಗಳಾದರೆ ಪ್ರತಿ ಪ್ರಯಾಣಿಕನಿಗೂ ಹದಿಮೂರು ಅಂಕೆಗಳ ಟಿಕೆಟ್ ಸಂಖ್ಯೆ ಇರಬೇಕು. ಅಗ್ಗದ ದರದ ಕಂಪನಿಗಳಲ್ಲಿ ಆ ಸಂಖ್ಯೆ ಇಲ್ಲದಿರಬಹುದು, ಅಲ್ಲಿ ಹಣ ಪೂರ್ತಿ ಸಂದಾಯವಾಗಿ ಬುಕಿಂಗ್ ಖಚಿತವಾಗಿದೆಯೇ ಎಂದು ನೋಡಬೇಕು. ಊರಿಗೆ ಬಂದ ಮೇಲೂ ವಾರಕ್ಕೊಮ್ಮೆ ಆ ಪುಟವನ್ನು ತೆರೆದು ನೋಡಿ. ವಾಪಸು ಪ್ರಯಾಣ ಅಲ್ಲಿ ಕಾಣದಿದ್ದರೆ ಏಜೆಂಟರ ಉತ್ತರಕ್ಕೆ ಕಾಯದೆ ಅಂದೇ ಕಂಪನಿಗೆ ಫೋನ್ ಮಾಡಿ. ಆಗಸ್ಟ್ ಮೊದಲ ವಾರದಲ್ಲಿ ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ಸೀಟು ಸಿಕ್ಕೀತು, ಕೊನೆಯ ವಾರದಲ್ಲಿ ಸಿಗುವುದು ಕಷ್ಟ.