ಗೂಡೋ, ಪಂಜರವೋ, ದಡ್ಡಿಯೋ?

ಮುಧೋಳದಲ್ಲಿ ಮೊಲ ಸಾಕುತ್ತೇನೆ ಅಂದರೆ ಜನ ಮೊದಲು ಕೇಳುವುದು ನಾಯಿ ಬಗ್ಗೆ. ಮೊಲದ ಬೇಟೆಗೆ ಹೆಸರಾದ ನಾಯಿಯ ಊರು ನಮ್ಮದು, ಕೇಳಲಿ ಬಿಡಿ. ಎರಡನೇ ಪ್ರಶ್ನೆಗೆ ಮಾತ್ರ ನಾನು ತಡವರಿಸುತ್ತಿದ್ದೆ: "ಎಲ್ಲಿ ಸಾಕೀರಿ?" ದನಕ್ಕೆ ಕೊಟ್ಟಿಗೆ ಇದೆ, ಕುರಿಗೆ ಹಟ್ಟಿ ಇದೆ. ಮೊಲಕ್ಕೆ ಏನನ್ನಬೇಕು? ಎರಡು ವರ್ಷದಲ್ಲಿ ನಾಲ್ಕು ಪದ ಬಳಸಿ ನೋಡಿದೆ.

ಮೊದಲು ಗೂಡು ಅಂದೆ. ಕೋಳಿ ಗೂಡು, ಪಾರಿವಾಳದ ಗೂಡು ಇದ್ದ ಹಾಗೆ ಮೊಲದ ಗೂಡು. ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ನನಗೆ ಏಟು ಕೊಟ್ಟದ್ದೂ ಇದೇ ಪದ. ಮೊಲ ಗಬ್ಬವಾಗಿ ಸುಮಾರು 31 ದಿನಕ್ಕೆ ಮರಿ ಹಾಕುತ್ತದೆ. ಮೂರು ದಿನ ಮೊದಲೇ ಪಂಜರದೊಳಗೆ ಮರದ ಪೆಟ್ಟಿಗೆ ಇಡಬೇಕು. ತಾಯಿ ತನ್ನ ಹೊಟ್ಟೆಯ ತುಪ್ಪಳ ತಾನೇ ಕಿತ್ತು ಅದರಲ್ಲಿ ಹಾಸುತ್ತದೆ. ಒಂದು ದಿನ ಜಮಖಂಡಿಯಿಂದ ಫೋನ್ ಮಾಡಿ ಕೆಲಸದ ಹುಡುಗನಿಗೆ "ಗೂಡು ಸ್ವಚ್ಛ ಮಾಡಿಬಿಡು" ಅಂದೆ. ನನ್ನ ತಲೆಯಲ್ಲಿ ಇದ್ದದ್ದು ಪಂಜರ. ಸಂಜೆ ಬಂದರೆ ತುಪ್ಪಳವೆಲ್ಲ ತಿಪ್ಪೆಯಲ್ಲಿ, ತೊಳೆದ ಪೆಟ್ಟಿಗೆ ಅಂಗಳದಲ್ಲಿ. ತಾಯಿ ಆಗಲೇ ತಂತಿ ಜಾಳಿಗೆಯ ಮೇಲೆ ಮರಿ ಹಾಕಿತ್ತು. ಕೂದಲಿಲ್ಲದ, ಕಣ್ಣು ತೆರೆಯದ ಏಳು ಮರಿಗಳಲ್ಲಿ ಮಿಸುಕಾಡುತ್ತಿದ್ದವು ಎರಡೇ. ಹುಡುಗನನ್ನು ಬೈಯಲು ಬಾಯಿ ಬರಲಿಲ್ಲ. ಗೂಡು ಅಂದರೆ ಅದೇ ಅಲ್ವಾ?

ಪಂಜರದಲ್ಲಿ ಈ ಗೊಂದಲ ಇಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ "ತಳಕ್ಕೆ ಅರ್ಧ ಇಂಚಿನ ಜಾಳಿಗೆ ಹಾಕಿ ಪಂಜರ ಮಾಡಿಕೊಡಿ" ಅಂದರೆ ಸಾಕು. ಹಿಕ್ಕೆ ಕೆಳಗೆ ಬೀಳುತ್ತದೆ, ಕಾಲು ಸಿಕ್ಕಿಕೊಳ್ಳುವುದಿಲ್ಲ. ಆದರೆ ಅದು ಒಂದೊಂದು ಕೋಣೆಯ ಹೆಸರು, ಇಡೀ ಜಾಗದ್ದಲ್ಲ. ಮೇಲಾಗಿ ಮನೆಗೆ ಬಂದ ಹೆಂಗಸರು ಪಂಜರ ಅಂದ ಕೂಡಲೇ "ಪಾಪ" ಅನ್ನುತ್ತಾರೆ.

ಫಾರ್ಮ್ ಅನ್ನುವ ಪದ ಬ್ಯಾಂಕಿಗೆ, ಗಿರಾಕಿಗಳಿಗೆ ಚೆನ್ನ. ನನ್ನ ತಗಡಿನ ಶೆಡ್ಡಿಗೆ ಸ್ವಲ್ಪ ಜಾಸ್ತಿಯೇ ಆಯಿತು.

ಪರಿಚಯದ ಮಾಸ್ತರರೊಬ್ಬರು ಬಿಲ ಅನ್ನಿ ಅಂದರು. ಸುಮ್ನೆ ನಕ್ಕೆ. ಸಾಕುಮೊಲದ ಮೂಲ ಯುರೋಪಿನ ಬಿಲ ತೋಡುವ ಮೊಲ, ಅದು ನಿಜ. ಆದರೆ ನಮ್ಮ ಹೊಲದ ಕಾಡುಮೊಲ ಬಿಲ ತೋಡುವುದಿಲ್ಲ. ಹುಲ್ಲಲ್ಲೇ ಮಲಗುತ್ತದೆ, ಮರಿಗೆ ಹುಟ್ಟುವಾಗಲೇ ಕೂದಲು ಇರುತ್ತದೆ, ಕಣ್ಣು ತೆರೆದಿರುತ್ತದೆ. ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಬೇರೆ. ಇಂಗ್ಲಿಷಿನವರದು ಜಾಣತನ: ಬಿಲಗಳ ನೆಲಕ್ಕೆ ವಾರನ್, ಪೆಟ್ಟಿಗೆಯಂಥ ಮನೆಗೆ ಹಚ್, ಸಾಕುವ ಇಡೀ ಜಾಗಕ್ಕೆ ರ್‍ಯಾಬಿಟ್ರಿ.

ಆ ಕೊನೆಯದಕ್ಕೆ ನಮ್ಮ ಪದ ಕೊಟ್ಟವರು ಹುಕ್ಕೇರಿ ಕಡೆಯ ನಮ್ಮ ಅತ್ತೆ. "ಮೊಲದ ದಡ್ಡಿಗೆ ಹೋಗಿ ಬರ್ತೀನಿ" ಅಂದರು, ಕುರಿ ಕೂಡುವ ಜಾಗಕ್ಕೆ ಕುರಿ ದಡ್ಡಿ ಅಂದಷ್ಟೇ ಸಲೀಸಾಗಿ. ಆ ತಾಲೂಕಿನಲ್ಲಿ ದಡ್ಡಿ ಅಂತ ಊರೇ ಇದೆ. ಬೆಂಗಳೂರಿನ ನೆಂಟರು ಮಾತ್ರ "ಯಾರು ದಡ್ಡಿ?" ಅಂತ ನಗುತ್ತಾರೆ.

ಈಗ ಬೋರ್ಡಿನಲ್ಲಿ ಫಾರ್ಮ್, ಬಾಯಲ್ಲಿ ದಡ್ಡಿ. ಮರದ ಪೆಟ್ಟಿಗೆಗಳ ಮೇಲೆ ಸುಣ್ಣದಲ್ಲಿ ಬರೆಸಿದ್ದೇನೆ: "ಗೂಡು. ಮುಟ್ಟಬೇಡ."