ಅರ್ಜಿ ನಂಬರ್ ತೋರಿಸಿ ದುಡ್ಡು ತಗೊಳ್ಳೋರ ಬಗ್ಗೆ ಹುಷಾರ್: ಕೊಡಗಿನ ಹಳೇ ಗಾಡಿ ಮಾಲೀಕರಿಗೆ

ಹದಿನೈದು ವರ್ಷ ತುಂಬಿದ ಅಥವಾ ಇನ್ನೇನು ತುಂಬಲಿರುವ ಜೀಪು, ಕಾರು, ಬೈಕು ಮನೆಯಲ್ಲಿ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಆರ್‌ಸಿ ರಿನ್ಯೂವಲ್ ಮಾಡಿಸಿಕೊಡ್ತೀನಿ, ಟ್ಯಾಕ್ಸ್ ಕಟ್ಟಿಕೊಡ್ತೀನಿ ಅಂತ ದುಡ್ಡು ತಗೊಂಡು, ಒಂದು ಅರ್ಜಿ ನಂಬರಿನ ಫೋಟೋ ಕಳಿಸಿ, ತಿಂಗಳುಗಟ್ಟಲೆ ಆಟ ಆಡಿಸಿದ ಬ್ರೋಕರ್ ಒಬ್ಬ ನಮಗೆ ಗಂಟುಬಿದ್ದಿದ್ದ. ಕೊನೆಗೆ ದಂಡ ಕಟ್ಟಿದ್ದು ನಾವು. ಅವನ ಹೆಸರು ಇಲ್ಲಿ ಹಾಕುವುದಿಲ್ಲ, ದೂರು ಠಾಣೆಯಲ್ಲಿದೆ. ಅವನು ಹೇಗೆ ಮಾಡಿದ ಅನ್ನುವುದನ್ನು ಮಾತ್ರ ಬರೆಯುತ್ತೇನೆ.

ನಮ್ಮದು ಸೋಮವಾರಪೇಟೆ ಕಡೆ. ಮನೆಯಲ್ಲಿ 2010ರಲ್ಲಿ ತಗೊಂಡ ಬೊಲೆರೊ ಇದೆ. ಲೈಫ್ ಟ್ಯಾಕ್ಸ್ ಆಗಲೇ ಕಟ್ಟಿದ್ದು. ಆದರೆ ಸ್ವಂತ ಗಾಡಿಯ ಆರ್‌ಸಿಗೆ ಹದಿನೈದೇ ವರ್ಷ ಆಯಸ್ಸು. ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್ ಮಾಡಿಸಬೇಕು. ನಮ್ಮದು 2025ರ ಜೂನ್ ಮಧ್ಯಕ್ಕೆ ಮುಗಿಯುವುದಿತ್ತು. ಮುಗಿಯುವ 60 ದಿನ ಮೊದಲೇ ಅರ್ಜಿ ಹಾಕಬಹುದು, ಹಾಗಾಗಿ ಮೇ ತಿಂಗಳಲ್ಲೇ ಕೆಲಸ ಒಪ್ಪಿಸಿದೆವು. ಮಳೆ ಹಿಡಿಯುವ ಮುಂಚೆ ತೋಟದಲ್ಲಿ ಕೈಬಿಡುವಿಲ್ಲ. ಮಾದಾಪುರದ ಮೇಲೆ ಮಡಿಕೇರಿಯ ಆರ್‌ಟಿಓ ಆಫೀಸಿಗೆ ಹೋಗಿ ಬರುವುದೆಂದರೆ ಒಂದು ದಿನ ಹೋದ ಹಾಗೇ. ಊರಿನಲ್ಲಿ ನಾಲ್ಕು ಜನರ ಕಾಗದ ಮಾಡಿಸಿಕೊಟ್ಟಿದ್ದಾನೆ ಅಂತ ಗೊತ್ತಿದ್ದ ಹುಡುಗ ಅವನು. ಮನೆಗೇ ಬಂದ, ಕಾಫಿ ಕುಡಿದ.

“ಅಕ್ಕಾ, ನೀವ್ಯಾಕೆ ಮಡಿಕೇರಿ ತನಕ ಓಡಾಡ್ತೀರಿ? ಈಗ ಎಲ್ಲಾ ಆನ್‌ಲೈನು. ಗಾಡಿ ತರೋದೂ ಬೇಡ.”

ಈ ಕೊನೆಯ ಮಾತನ್ನು ಯಾರಾದರೂ ನಿಮಗೆ ಹೇಳಿದರೆ ಅಲ್ಲಿಗೇ ಎದ್ದುಬಿಡಿ. ಗಾಡಿ ತೋರಿಸದೆ ರಿನ್ಯೂವಲ್ ಆಗುವುದಿಲ್ಲ. ಇನ್ಸ್‌ಪೆಕ್ಟರ್ ಗಾಡಿ ಸುತ್ತ ಬಂದು, ಲೈಟು, ಬ್ರೇಕು, ಟೈರು ನೋಡಿ, ಚಾಸಿ ನಂಬರ್ ತಾಳೆ ಹಾಕಿ ಆಮೇಲೆ ಒಪ್ಪಿಗೆ ಕೊಡಬೇಕು.

ಅವನು ಕೇಳಿದ್ದು 12,000 ರೂಪಾಯಿ. ಲೆಕ್ಕ ಹೀಗೆ ಹೇಳಿದ: ಲೈಫ್ ಟ್ಯಾಕ್ಸ್ ಹದಿನೈದು ವರ್ಷಕ್ಕೆ ಮುಗಿಯಿತು, ಅದನ್ನು ಮತ್ತೆ ಕಟ್ಟಬೇಕು, ಆರ್‌ಸಿ ಫೀಸು ಬೇರೆ, ಅವನ ಚಾರ್ಜು ಬೇರೆ. ಇದರಲ್ಲಿ ಮೊದಲನೆಯದು ಶುದ್ಧ ಸುಳ್ಳು. ನಮ್ಮ ರಾಜ್ಯದಲ್ಲಿ ಸ್ವಂತ ಕಾರಿಗೆ ಲೈಫ್ ಟ್ಯಾಕ್ಸ್ ಒಂದೇ ಸಲ. ಹದಿನೈದು ವರ್ಷ ಆದಮೇಲೆ ರಿನ್ಯೂವಲ್ ಮಾಡಿಸುವಾಗ ಹಸಿರು ತೆರಿಗೆ ಅಂತ ಒಂದು ಇದೆ ನಿಜ, ಆದರೆ ಫೀಸಿನ ಮುಂದೆ ಅದು ಚಿಲ್ಲರೆ. ದೊಡ್ಡ ಮೊತ್ತ ಅಂದರೆ ರಿನ್ಯೂವಲ್ ಫೀಸು. 2022ರ ಏಪ್ರಿಲ್ 1ರಿಂದ ಕಾರು, ಜೀಪಿಗೆ 5,000, ಬೈಕಿಗೆ 1,000. ಮೊದಲು ಇದು ಕೆಲವು ನೂರರಲ್ಲಿ ಮುಗಿಯುತ್ತಿತ್ತು. ಹಾಗಾಗಿ ಈಗ ಯಾರು ಎಷ್ಟು ಹೇಳಿದರೂ ಇದ್ದರೂ ಇರಬಹುದು ಅಂತ ಜನ ನಂಬಿಬಿಡುತ್ತಾರೆ.

ದುಡ್ಡು ಫೋನ್‌ಪೇ ಮಾಡಿದೆವು. ಎರಡು ದಿನಕ್ಕೆ ಒಂದು ಫೋಟೋ ಬಂತು. ಮೇಲೆ ಸಾರಿಗೆ ಇಲಾಖೆಯ ತಲೆಬರಹ, ನಮ್ಮ ಗಾಡಿ ನಂಬರು, ಉದ್ದದ ಅರ್ಜಿ ನಂಬರು, ತಾರೀಕು. ಕೆಳಗಿನ ಅರ್ಧ ಫೋಟೋದಲ್ಲಿ ಇರಲಿಲ್ಲ, ಒಂದು ಮೂಲೆಯಲ್ಲಿ ಅವನ ಹೆಬ್ಬೆರಳು. ನೋಡಿದವರು ಯಾರೇ ಆದರೂ ರಸೀದಿ ಅಂದುಕೊಳ್ಳಬೇಕು, ಹಾಗಿತ್ತು.

ಇದೇ ಅವನ ಕೈಚಳಕ. ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಗಾಡಿ ನಂಬರು, ಚಾಸಿ ನಂಬರಿನ ಕೊನೆಯ ಐದು ಅಂಕಿ, ಒಂದು ಮೊಬೈಲ್ ನಂಬರು ಹಾಕಿ ಅರ್ಜಿ ತುಂಬಿದರೆ ಅರ್ಜಿ ನಂಬರ್ ಬಂದುಬಿಡುತ್ತದೆ. ಅದಕ್ಕೆ ಒಂದು ಪೈಸೆ ಕಟ್ಟಬೇಕಿಲ್ಲ. ದುಡ್ಡು ಕಟ್ಟುವುದು ಅದರ ಮುಂದಿನ ಹಂತ. ಕಟ್ಟಿದಮೇಲೆ ಬರುವ ರಸೀದಿಯಲ್ಲಿ ರಸೀದಿ ನಂಬರ್ ಇರುತ್ತದೆ, ಯಾವುದಕ್ಕೆ ಎಷ್ಟು ಅಂತ ಸಾಲುಸಾಲಾಗಿ ಇರುತ್ತದೆ. ಕಟ್ಟದಿದ್ದರೆ ಅರ್ಜಿ ಅಲ್ಲೇ ಕೊಳೆಯುತ್ತದೆ, ತಡದ ಶುಲ್ಕ ಮಾತ್ರ ಬೆಳೆಯುತ್ತದೆ.

ಇನ್ನೊಂದು ನಮಗೆ ಆಮೇಲೆ ತಿಳಿದದ್ದು. ಅರ್ಜಿಯಲ್ಲಿ ಅವನು ಹಾಕಿದ್ದು ಅವನದೇ ಮೊಬೈಲ್ ನಂಬರು. ಓಟಿಪಿ ಅವನಿಗೆ, ‘ಪೇಮೆಂಟ್ ಬಾಕಿ’ ಅನ್ನುವ ಮೆಸೇಜೂ ಅವನಿಗೆ. 2010ರ ಗಾಡಿಯಲ್ವಾ, ಆಗೆಲ್ಲ ಮೊಬೈಲ್ ನಂಬರ್ ಯಾರು ಕೇಳುತ್ತಿದ್ದರು? ಜಿಲ್ಲೆಯ ಎಷ್ಟೋ ಹಳೇ ಕೆಎ-12 ಗಾಡಿಗಳಿಗೆ ಮಾಲೀಕರ ನಂಬರ್ ಜೋಡಣೆ ಆಗಿರುವುದೇ ಇಲ್ಲ. ಮೊದಲು ಅದನ್ನು ಸರಿಮಾಡಿಕೊಳ್ಳಿ.

ಜೂನ್‌ನಲ್ಲಿ ಕೇಳಿದರೆ ಸರ್ವರ್ ಇಲ್ಲ. ಜುಲೈನಲ್ಲಿ ಮರ ಬಿದ್ದು ಕರೆಂಟಿಲ್ಲ, ಆಫೀಸಲ್ಲಿ ಕೆಲಸ ನಡೀತಿಲ್ಲ. ಕೈಲ್‌ಪೊಳ್ದ್ ಹಬ್ಬ ಆಗಲಿ ಅಂದ, ದಸರಾ ರಜಾ ಮುಗಿಯಲಿ ಅಂದ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋಗುವುದು, ದಾರಿ ಮುಚ್ಚುವುದು ಹೊಸದೇನಲ್ಲ, ಯಾರು ಅನುಮಾನ ಪಡುತ್ತಾರೆ? ನವೆಂಬರ್ ಆಚೆ ಕಾಫಿ ಕುಯ್ಲು ಶುರುವಾಯಿತು, ನಮಗೂ ಪುರುಸೊತ್ತಿಲ್ಲ. “ಕಾರ್ಡ್ ಪ್ರಿಂಟಿಗೆ ಹೋಗಿದೆ ಅಕ್ಕಾ, ಪೋಸ್ಟಲ್ಲಿ ಬರುತ್ತೆ” ಅನ್ನುವುದು ಅವನ ಆಗಿನ ಮಾತು.

ಜನವರಿಯಲ್ಲಿ ಕುಶಾಲನಗರಕ್ಕೆ ಒಂದು ಮದುವೆಗೆ ಹೊರಟಿದ್ದೆವು. ದಾರಿಯಲ್ಲಿ ತಪಾಸಣೆ. ಅಧಿಕಾರಿ ಗಾಡಿ ನಂಬರ್ ಹೊಡೆದು ನೋಡಿ, “ಮೇಡಂ, ಇದರ ಆರ್‌ಸಿ ಜೂನ್‌ನಲ್ಲೇ ಮುಗಿದಿದೆಯಲ್ಲ” ಅಂದರು. ನಮ್ಮನೆಯವರು ಫೋನಿನಲ್ಲಿದ್ದ ಫೋಟೋ ತೋರಿಸಿದರು. ಅವರು ಒಂದು ಸಲ ನೋಡಿ, “ಇದು ಅರ್ಜಿ ಸರ್, ದುಡ್ಡು ಕಟ್ಟಿದ ರಸೀದಿ ಎಲ್ಲಿ?” ಅಂತ ಕೇಳಿದರು. ಮರ್ಯಾದೆಯಾಗಿಯೇ ಮಾತಾಡಿದರು, ಅದರಲ್ಲಿ ದೂರಿಲ್ಲ. ಆದರೆ ದಂಡ ದಂಡವೇ. ಊರ್ಜಿತ ನೋಂದಣಿ ಇಲ್ಲದೆ ಗಾಡಿ ರಸ್ತೆಗಿಳಿಸಿದರೆ ಮೋಟಾರು ವಾಹನ ಕಾಯ್ದೆಯ 192ನೇ ಕಲಮಿನಲ್ಲಿ ಮೊದಲ ಸಲಕ್ಕೇ 5,000 ರೂಪಾಯಿ ತನಕ ದಂಡ ಇದೆ.

ಅಲ್ಲಿಂದಲೇ ಬ್ರೋಕರಿಗೆ ಫೋನ್ ಮಾಡಿದೆ. ಗಾಬರಿ ಇಲ್ಲ, ನಾಚಿಕೆ ಇಲ್ಲ. “ಅಯ್ಯೋ ಅಕ್ಕಾ, ಲೇಟಾಯ್ತಲ್ಲ, ಈಗ ಟ್ಯಾಕ್ಸ್ ಪೆನಾಲ್ಟಿ ಬಿದ್ದಿದೆ. 15,000 ಕಳಿಸಿ, ಇವತ್ತೇ ಮುಗಿಸ್ತೀನಿ. ಇಲ್ಲಾಂದ್ರೆ ಗಾಡಿ ಸೀಜ್ ಮಾಡ್ತಾರೆ.” ಹೆದರಿದವರ ಹತ್ತಿರ ಎರಡನೇ ಸಲ ಕೀಳುವುದು ಹೀಗೆ. ಮದುವೆ ಮನೆಗೆ ಹೊರಟು ರಸ್ತೆ ಬದಿ ನಿಂತವರು ಆ ಹೊತ್ತಿಗೆ ಕಳಿಸಿಬಿಡುತ್ತಾರೆ. ನಾವು ಕಳಿಸಲಿಲ್ಲ.

ಮಾರನೇ ದಿನ ನಾವೇ ಮಡಿಕೇರಿಗೆ ಹೋದೆವು. ಕೌಂಟರಿನಲ್ಲಿದ್ದವರು ಅರ್ಜಿ ನಂಬರ್ ಹಾಕಿ ಪರದೆ ನಮ್ಮ ಕಡೆ ತಿರುಗಿಸಿದರು. ಕಟ್ಟಿದ ಮೊತ್ತ ಸೊನ್ನೆ. ಅವನು ಹೇಳಿದ ‘ಟ್ಯಾಕ್ಸ್ ಪೆನಾಲ್ಟಿ’ ಅನ್ನುವುದು ಅಲ್ಲಿ ಎಲ್ಲೂ ಇರಲಿಲ್ಲ. ಇದ್ದದ್ದು ತಡದ ಶುಲ್ಕ. ಕಾರು, ಜೀಪಿಗೆ ತಿಂಗಳಿಗೆ 500, ಬೈಕಿಗೆ 300. ತಿಂಗಳು ಪೂರ್ತಿ ಆಗಬೇಕಿಲ್ಲ, ಒಂದು ದಿನ ಮೇಲೆ ಬಿದ್ದರೂ ಇಡೀ ತಿಂಗಳ ಲೆಕ್ಕ. ಜೂನ್ ಮಧ್ಯದಿಂದ ಜನವರಿ ಕೊನೆಗೆ ಎಂಟು ತಿಂಗಳ ಲೆಕ್ಕವಾಗಿ 4,000 ಬಂತು. ಫೀಸು 5,000. ಹಸಿರು ತೆರಿಗೆ, ಕಾರ್ಡಿನ ಖರ್ಚು ಮೇಲೆ. ಮೇ ತಿಂಗಳಲ್ಲೇ ಅವನು ಕಟ್ಟಿದ್ದರೆ ಆ ನಾಲ್ಕು ಸಾವಿರವೂ ಇಲ್ಲ, ರಸ್ತೆಯ ದಂಡವೂ ಇಲ್ಲ. ಅವನು ಕೇಳಿದ ಹದಿನೈದು ಸಾವಿರಕ್ಕೂ ಇದಕ್ಕೂ ಸಂಬಂಧವೇ ಇಲ್ಲ ನೋಡಿ.

ಆಮೇಲಿನ ಕೆಲಸ ನಿಜವಾಗಿ ಸಲೀಸು. ನಮೂನೆ 25ರ ಅರ್ಜಿ, ಹಳೇ ಆರ್‌ಸಿ, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್, ಗುರುತಿನ ಚೀಟಿ, ಆಮೇಲೆ ಗಾಡಿ. ಕಷ್ಟ ಆಗಿದ್ದು ಚಾಸಿ ನಂಬರಿನ ಹತ್ತಿರ. ಹದಿನೈದು ಮಳೆಗಾಲ ನೋಡಿದ ಗಾಡಿ, ತೋಟದ ಕೆಸರು ಒಣಗಿ ಪದರು ಕಟ್ಟಿದೆ, ಅದರ ಕೆಳಗೆ ತುಕ್ಕು. ಇನ್ಸ್‌ಪೆಕ್ಟರ್ ಬಗ್ಗಿ ಟಾರ್ಚ್ ಹಾಕಿದರೆ ಒಂದು ಅಂಕಿಯೂ ಓದಲಾಗುತ್ತಿಲ್ಲ. ನಮ್ಮನೆಯವರು ಮದುವೆಗೆ ಹಾಕಿದ್ದ ಷರ್ಟಿನಲ್ಲೇ ಅಡಿಗೆ ನುಗ್ಗಿ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಉಪ್ಪುಕಾಗದದಲ್ಲಿ ಮೆತ್ತಗೆ ಉಜ್ಜಿದಮೇಲೆ ಅಂಕಿ ಒಂದೊಂದಾಗಿ ಕಂಡವು. ಜೋರಾಗಿ ಉಜ್ಜಬೇಡಿ. ಅಂಕಿ ಸವೆದರೆ ತಿದ್ದಿದ್ದಾರೆ ಅನ್ನುವ ಅನುಮಾನ ಬರುತ್ತದೆ, ಆಗ ಇನ್ನೊಂದು ತಲೆನೋವು. ಮನೆಯಲ್ಲೇ ಮುಂಚಿನ ದಿನ ತೊಳೆದು, ನಂಬರ್ ಕಾಣುತ್ತದಾ ನೋಡಿಕೊಂಡು ಹೋಗಿ.

ದಂಡಕ್ಕಿಂತ ನನಗೆ ನಿದ್ದೆ ಕೆಡಿಸಿದ್ದು ಇನ್ಶೂರೆನ್ಸ್ ವಿಷಯ. ಅಷ್ಟು ತಿಂಗಳು ಆ ಗಾಡಿಯಲ್ಲಿ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇವೆ, ಮಕ್ಕಳನ್ನು ಶಾಲೆಗೆ ಬಿಟ್ಟಿದ್ದೇವೆ. ಪಾಲಿಸಿ ಚಾಲ್ತಿಯಲ್ಲಿತ್ತು, ಅದಕ್ಕೇ ಧೈರ್ಯ. ಆದರೆ ತಾತ್ಕಾಲಿಕ ನೋಂದಣಿ ಮುಗಿದಿದ್ದ ಒಂದು ಗಾಡಿ ಅಪಘಾತಕ್ಕೆ ಸಿಕ್ಕ ಪ್ರಕರಣದಲ್ಲಿ, ಗಾಡಿಯ ನಷ್ಟವನ್ನು ವಿಮಾ ಕಂಪನಿ ತುಂಬಿಕೊಡಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ನೋಂದಣಿ ಇಲ್ಲದೆ ರಸ್ತೆಗೆ ಬಂದದ್ದೇ ಪಾಲಿಸಿಯ ಷರತ್ತಿನ ಉಲ್ಲಂಘನೆ ಅನ್ನುವ ಲೆಕ್ಕ. ನಮ್ಮ ತಿರುವು ದಾರಿಗಳಲ್ಲಿ, ಮಂಜಿನಲ್ಲಿ, ಏನಾದರೂ ಆಗಿದ್ದರೆ ಕಂಪನಿಯವರು ಇದನ್ನೇ ಎತ್ತಿಕೊಳ್ಳುತ್ತಿದ್ದರು.

ಬೆಳಿಗ್ಗೆ ಇದನ್ನು ಹೇಳಿಕೊಂಡಾಗ ಪಕ್ಕದ ಮನೆಯ ಭಾವ ಅವರ ಪ್ರವಾಸಿ ಟೆಂಪೋ ಟ್ರಾವೆಲರ್ ಕಾಗದ ತಂದು ತೋರಿಸಿದರು. ಹಳದಿ ಬೋರ್ಡಿನ ಇಂಥ ಗಾಡಿಗಳಿಗೆ ಟ್ಯಾಕ್ಸ್ ಮೂರು ತಿಂಗಳಿಗೊಮ್ಮೆ ಕಟ್ಟುವುದು. ಅದರಲ್ಲಿ ಇನ್ನೂ ಸುಲಭವಾಗಿ ಮೋಸ ಮಾಡಬಹುದು: ಎರಡು ಕಂತಿನ ದುಡ್ಡು ತಗೊಂಡು ಒಂದೇ ಕಟ್ಟಿದರೂ ಆರು ತಿಂಗಳು ಯಾರಿಗೂ ಗೊತ್ತಾಗದೇ ಇರಬಹುದು. ಗೊತ್ತಾಗುವುದು ಎಫ್‌ಸಿಗೋ (ಫಿಟ್‌ನೆಸ್ ಸರ್ಟಿಫಿಕೇಟ್) ಪರ್ಮಿಟ್ಟಿಗೋ ಹೋದಾಗ, ಬಾಕಿ ಕಟ್ಟದೆ ಕೆಲಸ ಮುಂದೆ ಹೋಗುವುದಿಲ್ಲ. ಬಾಕಿಯ ಜೊತೆ ದಂಡವೂ ಸೇರಿರುತ್ತದೆ. ಬ್ರೋಕರಿಗೆ ಕೊಟ್ಟಿದ್ದೆ ಅಂದರೆ ಕೇಳುವವರಿಲ್ಲ, ಇಲಾಖೆಗೆ ಹೊಣೆ ಗಾಡಿಯ ಮಾಲೀಕರೇ.

ಮಳೆಗಾಲದಲ್ಲಿ ಪ್ರವಾಸಿಗರಿಲ್ಲ ಅಂತ ಗಾಡಿ ಶೆಡ್ಡಿನಲ್ಲಿ ನಿಲ್ಲಿಸುವವರು ಇಲ್ಲಿ ಜಾಸ್ತಿ. ಗಾಡಿ ಓಡಿಲ್ಲ, ಟ್ಯಾಕ್ಸ್ ಯಾಕೆ ಅನ್ನುತ್ತಾರೆ. 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯಲ್ಲಿ ಆರ್‌ಸಿ ಚಾಲ್ತಿಯಲ್ಲಿರುವ ಗಾಡಿಯನ್ನು ರಸ್ತೆಯಲ್ಲಿ ಓಡಲು ಯೋಗ್ಯವಾದದ್ದು ಅಂತಲೇ ಲೆಕ್ಕ ಹಿಡಿಯುತ್ತಾರೆ. ನಿಲ್ಲಿಸುವುದಾದರೆ ಮುಂಚೆಯೇ ಆರ್‌ಟಿಓಗೆ ಬರೆದು ತಿಳಿಸಿ, ಕಾಗದ ಒಪ್ಪಿಸಿರಬೇಕು. ಸುಮ್ನೆ ಟಾರ್ಪಾಲು ಮುಚ್ಚಿಟ್ಟರೆ ಆಗಲ್ಲ.

ಭಾವನ ಟ್ಯಾಕ್ಸ್ ಸರಿಯಿತ್ತು. ನೋಡಿದ್ದು ಎಂಪರಿವಾಹನ್ ಆ್ಯಪಿನಲ್ಲಿ, ಐದು ನಿಮಿಷ ಹಿಡಿಯಲಿಲ್ಲ. ಗಾಡಿ ನಂಬರ್ ಹಾಕಿದರೆ ಆರ್‌ಸಿ ಯಾವತ್ತಿನ ತನಕ, ಟ್ಯಾಕ್ಸ್ ಯಾವತ್ತಿನ ತನಕ, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್ ಎಲ್ಲಾ ಕಾಣುತ್ತದೆ. ಬ್ರೋಕರ್ ಹತ್ತಿರ ಮಾಡಿಸಲೇಬೇಡಿ ಅಂತ ನಾನು ಹೇಳುವುದಿಲ್ಲ. ವಯಸ್ಸಾದವರು, ದೂರದ ಕುಗ್ರಾಮದವರು ಏನು ಮಾಡಬೇಕು? ಆದರೆ ಸರ್ಕಾರಿ ಫೀಸನ್ನು ನಿಮ್ಮ ಕೈಯಿಂದಲೇ, ನಿಮ್ಮ ಮನೆಯ ಹುಡುಗರ ಫೋನಿನಿಂದ ವೆಬ್‌ಸೈಟಿನಲ್ಲೇ ಕಟ್ಟಿ. ಅವನಿಗೆ ಅವನ ಕೂಲಿ ಮಾತ್ರ ಕೊಡಿ, ಅದೂ ಕೆಲಸ ಮುಗಿದಮೇಲೆ. ಅರ್ಜಿಯಲ್ಲಿ ನಿಮ್ಮ ಮೊಬೈಲ್ ನಂಬರೇ ಇರಲಿ. ಓಟಿಪಿ ಯಾಕೆ ಬಂತು ಅಂತ ಓದಿಯೇ ಹೇಳಿ.

ಇಪ್ಪತ್ತು ವರ್ಷ ದಾಟಿದ ಜೀಪು ಇರುವವರಿಗೆ ಇನ್ನೊಂದು ಮಾತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಅಂಥ ಗಾಡಿಗಳ ರಿನ್ಯೂವಲ್ ಫೀಸು ಏರಿಸಿದೆ. ಕಾರು, ಜೀಪಿಗೆ 10,000, ಬೈಕಿಗೆ 2,000. ಕೊಡಗಿನ ತೋಟಗಳಲ್ಲಿ ಇಂಥ ಹಳೇ ಜೀಪುಗಳು ಎಷ್ಟಿವೆ ಅಂತ ಬೇರೆ ಹೇಳಬೇಕಿಲ್ಲ. ಮೊತ್ತ ದೊಡ್ಡದಾದಷ್ಟೂ ಇಂಥವರಿಗೆ ಸುಗ್ಗಿ.

ಫೋನ್‌ಪೇ ದಾಖಲೆ, ಆ ಅರ್ಧ ಫೋಟೋ, ಅವನ ವಾಯ್ಸ್ ಮೆಸೇಜು ಎಲ್ಲಾ ಸೇರಿಸಿ ಠಾಣೆಗೆ ದೂರು ಕೊಟ್ಟೆವು. ಕರೆಸಿ ಕೇಳಿದಮೇಲೆ ಏಳು ಸಾವಿರ ವಾಪಸ್ ಹಾಕಿದ್ದಾನೆ, ಉಳಿದದ್ದಕ್ಕೆ ಗಡುವು ಕೇಳಿದ್ದಾನೆ. ತಡದ ಶುಲ್ಕ ತನಗೆ ಸಂಬಂಧವಿಲ್ಲ ಅನ್ನುವುದು ಅವನ ವಾದ. ಸೋಮವಾರಪೇಟೆ, ಶನಿವಾರಸಂತೆ ಕಡೆ ಇನ್ನೂ ಕೆಲವರ ಕಾಗದ ಅವನ ಹತ್ತಿರ ಇದೆ ಅಂತ ಕೇಳಿದ್ದೇನೆ. ನಿಮ್ಮದೂ ಅರ್ಧ ಫೋಟೋ ಆಗಿದ್ದರೆ ಇವತ್ತೇ ಆ್ಯಪ್ ತೆಗೆದು ತಾರೀಕು ನೋಡಿ. ಮುಗಿದಿದ್ದರೆ ಮೊದಲು ಫೀಸು ನೀವೇ ಕಟ್ಟಿಬಿಡಿ, ತಿಂಗಳು ತಿರುಗಿದರೆ ಇನ್ನೊಂದು ಐನೂರು. ಆಮೇಲೆ ದುಡ್ಡು ಕಳಿಸಿದ ದಾಖಲೆ ಹಿಡಿದುಕೊಂಡು ಠಾಣೆಗೆ ಹೋಗಿ ನಿಮ್ಮ ದೂರೂ ಬರೆಸಿ.