ಪುಕ್ಕಟೆ ಸಿಗುವ ಸಂಖ್ಯೆಗೆ ದುಡ್ಡು ಸುರಿಯಬೇಡಿ: ಯೂರೋಪಿಗೆ ಆನ್‌ಲೈನ್‌ನಲ್ಲಿ ಸರಕು ಮಾರುವವರಿಗೆ

ಯೂರೋಪಿನಲ್ಲಿದ್ದುಕೊಂಡು ಇಲ್ಲವೇ ಕರ್ನಾಟಕದಿಂದಲೇ ಯೂರೋಪಿನ ಗ್ರಾಹಕರಿಗೆ ಆನ್‌ಲೈನ್‌ನಲ್ಲಿ ಸರಕು ಮಾರುವವರು ಇದನ್ನು ಪೂರ್ತಿ ಓದಿ. ನಾನು ಜರ್ಮನಿಯಲ್ಲಿದ್ದೇನೆ. ಚನ್ನಪಟ್ಟಣದ ಬೊಂಬೆ, ಕೈಮಗ್ಗದ ಬಟ್ಟೆ, ಹಬ್ಬದ ಹೊತ್ತಿಗೆ ಬ್ಯಾಟರಿ ದೀಪ, ಇಷ್ಟನ್ನು ತರಿಸಿಕೊಂಡು ಒಂದು ದೊಡ್ಡ ಮಾರಾಟ ತಾಣದ ಮೂಲಕ ಜರ್ಮನಿ, ಫ್ರಾನ್ಸ್, ಆಸ್ಟ್ರಿಯಾಗಳಿಗೆ ಕಳುಹಿಸುವ ಸಣ್ಣ ವ್ಯಾಪಾರ ನನ್ನದು. ‘ಇಡೀ ಯೂರೋಪಿನ ಇಪಿಆರ್ ಒಂದೇ ಶುಲ್ಕದಲ್ಲಿ’, ಅಂದರೆ ಸರಕಿನಿಂದಾಗುವ ಕಸದ ಹೊಣೆಗೆ ಬೇಕಾದ ನೋಂದಣಿಯನ್ನೆಲ್ಲ ಮಾಡಿಸಿಕೊಡುತ್ತೇವೆ ಎಂದು ಹೇಳಿಕೊಂಡು ಬಂದ ಒಂದು ಸಲಹಾ ಸಂಸ್ಥೆಯ ದೆಸೆಯಿಂದ, ದೀಪಾವಳಿ ಮತ್ತು ಕ್ರಿಸ್ಮಸ್ ನಡುವಿನ ಬಿರುಸಿನ ವ್ಯಾಪಾರದ ಕಾಲದಲ್ಲಿ ನನ್ನ ಅಂಗಡಿಗೆ ಬೀಗ ಬಿತ್ತು. ಸಂಸ್ಥೆಯ ಹೆಸರನ್ನು ಹೇಳುವುದಿಲ್ಲ. ಒಬ್ಬರ ಹೆಸರು ಹೇಳಿದರೆ ಅದೇ ದಂಧೆಯ ಉಳಿದವರೆಲ್ಲ ಸಾಚಾ ಎಂದಾದೀತು.

ವಸ್ತುವನ್ನು ಮಾರುಕಟ್ಟೆಗೆ ತಂದವರೇ ಅದು ಕಸವಾದ ಮೇಲಿನ ಖರ್ಚನ್ನೂ ಹೊರಬೇಕು ಎಂಬುದು ಇಪಿಆರ್, ಅಂದರೆ ಉತ್ಪಾದಕರ ವಿಸ್ತರಿತ ಹೊಣೆಗಾರಿಕೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಥಾಮಸ್ ಲಿಂಡ್‌ಕ್ವಿಸ್ಟ್ 1990ರಲ್ಲಿ ಈ ಕಲ್ಪನೆಯನ್ನು ಮುಂದಿಟ್ಟರು. ಮರುವರ್ಷವೇ ಜರ್ಮನಿ ಪ್ಯಾಕಿಂಗ್ ಸಾಮಗ್ರಿಗೆ ಅಂಥದೊಂದು ಆದೇಶ ಹೊರಡಿಸಿತು. ಅದರ ಜಾಗಕ್ಕೆ ಪ್ಯಾಕೇಜಿಂಗ್ ಕಾಯ್ದೆ ಬಂದದ್ದು 2019ರ ಜನವರಿ 1ರಂದು. ಈ ಕಾಯ್ದೆಯಲ್ಲಿ ಹೊಣೆ ಬೊಂಬೆಯನ್ನು ಕಡೆದ ಚನ್ನಪಟ್ಟಣದ ಕುಶಲಕರ್ಮಿಯದಲ್ಲ. ಬೊಂಬೆಯ ಪುಟ್ಟ ಪೆಟ್ಟಿಗೆಯನ್ನು ಜರ್ಮನಿಯೊಳಕ್ಕೆ ತರಿಸಿಕೊಂಡವಳು ನಾನು, ಅದನ್ನು ಇನ್ನೊಂದು ರಟ್ಟಿನ ಪೆಟ್ಟಿಗೆಗೆ ತುಂಬಿ ಗ್ರಾಹಕರ ಮನೆಗೆ ಕಳುಹಿಸುವವಳೂ ನಾನು. ಆದ್ದರಿಂದ ಎರಡೂ ಪೆಟ್ಟಿಗೆ, ಒಳಗಿನ ಗುಳ್ಳೆ ಪ್ಲಾಸ್ಟಿಕ್, ತುರುಕಿದ ಕಾಗದ, ಅಂಟುಪಟ್ಟಿ, ಎಲ್ಲವೂ ನನ್ನ ಲೆಕ್ಕಕ್ಕೆ ಸೇರುತ್ತವೆ. ಇಷ್ಟು ಕಿಲೋದವರೆಗೆ ಮಾಫಿ ಎಂಬ ಮಾತಿಲ್ಲ. ವರ್ಷಕ್ಕೆ ಒಂದೇ ಪಾರ್ಸೆಲ್ ಕಳುಹಿಸಿದರೂ ಕಾಯ್ದೆ ಅನ್ವಯಿಸುತ್ತದೆ.

ನಿಯಮದ ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ. ಹೊರದೇಶಗಳಿಂದ ಬರುವ ಪಾರ್ಸೆಲ್‌ಗಳ ರಟ್ಟು, ಪ್ಲಾಸ್ಟಿಕ್ಕುಗಳ ವಿಲೇವಾರಿಯ ಖರ್ಚನ್ನು ಸ್ಥಳೀಯ ಅಂಗಡಿಯವರು ಕಟ್ಟುತ್ತಿದ್ದರು, ಆನ್‌ಲೈನ್‌ನವರಲ್ಲಿ ಎಷ್ಟೋ ಮಂದಿ ಏನೂ ಕಟ್ಟದೆ ಜಾರಿಕೊಳ್ಳುತ್ತಿದ್ದರು. ಅದಕ್ಕೇ 2022ರ ಜುಲೈ 1ರಿಂದ ಜರ್ಮನಿ ತಪಾಸಣೆಯ ಹೊಣೆಯನ್ನು ಮಾರಾಟ ತಾಣಗಳ ಹೆಗಲಿಗೇ ಹಾಕಿತು: ನೋಂದಣಿ ಇಲ್ಲದವರ ಸರಕನ್ನು ತಾಣ ಮಾರಲು ಬಿಡಬಾರದು. ಗೋದಾಮಿನಲ್ಲಿಟ್ಟು, ಪ್ಯಾಕ್ ಮಾಡಿ ಕಳುಹಿಸಿಕೊಡುವ ಕಂಪನಿಗಳಿಗೂ ಇದೇ ಕಟ್ಟಳೆ. ನ್ಯಾಯವಾದ ನಿಯಮವೇ. ಆದರೆ ನಿಯಮ ಬಿಗಿಯಾದ ಕೂಡಲೇ ಅದರ ಭಯವನ್ನು ಮಾರುವವರೂ ಹುಟ್ಟಿಕೊಂಡರು.

ಆ ಸಂಸ್ಥೆಯ ಪರವಾಗಿ ನನಗೆ ಫೋನ್ ಮಾಡಿದ್ದು ಬೆಂಗಳೂರಿನ ಹುಡುಗ. ಅಚ್ಚ ಕನ್ನಡದಲ್ಲಿ, “ಮೇಡಂ, ನೀವು ಬೊಂಬೆ ಮಾರಿ, ಕಾನೂನನ್ನು ನಮಗೆ ಬಿಡಿ” ಎಂದ. ಎರಡು ಲಕ್ಷ ಯೂರೋ ದಂಡದ ಮಾತನ್ನು ಎತ್ತಿದ. ಅದು ಸುಳ್ಳಲ್ಲ. ಜರ್ಮನಿಯಲ್ಲಿ ನೋಂದಣಿ ಇಲ್ಲದಿದ್ದರೆ ಒಂದು ಲಕ್ಷ ಯೂರೋವರೆಗೆ, ಮರುಬಳಕೆ ವ್ಯವಸ್ಥೆಗೆ ಹಣ ಕಟ್ಟದಿದ್ದರೆ ಎರಡು ಲಕ್ಷದವರೆಗೆ ದಂಡ ಹಾಕಲು ಅವಕಾಶವಿದೆ. ಆತ ಹೇಳದೇ ಬಿಟ್ಟದ್ದು ಬೇರೆ. ‘ಲುಸಿಡ್’ ಎಂಬ ಆ ನೋಂದಣಿ ಸಂಪೂರ್ಣ ಉಚಿತ. ಓಸ್ನಾಬ್ರುಕ್ ನಗರದಲ್ಲಿರುವ ಕೇಂದ್ರ ನೋಂದಣಿ ಸಂಸ್ಥೆ ಅದನ್ನು ನಡೆಸುತ್ತದೆ, ಇಂಗ್ಲಿಷಿನಲ್ಲೂ ಅರ್ಜಿ ತುಂಬಬಹುದು, ಕರ್ನಾಟಕದಲ್ಲಿ ಕೂತೂ ತುಂಬಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಆ ನೋಂದಣಿಯನ್ನು ವ್ಯಾಪಾರಿಯೇ ಖುದ್ದಾಗಿ ಮಾಡಬೇಕೆಂದು ಕಾಯ್ದೆ ಹೇಳುತ್ತದೆ. ಜರ್ಮನಿಯಲ್ಲಿ ಕಚೇರಿ ಇಲ್ಲದವರು ಉಳಿದ ಕೆಲಸಗಳಿಗೆ ಅಧಿಕೃತ ಪ್ರತಿನಿಧಿಯನ್ನು ನೇಮಿಸಿಕೊಳ್ಳಬಹುದು. ನೋಂದಣಿಯನ್ನು ಮಾತ್ರ ಪ್ರತಿನಿಧಿಗೂ ಒಪ್ಪಿಸುವಂತಿಲ್ಲ. ಅಂದರೆ ಆತ ನೂರಾರು ಯೂರೋ ಶುಲ್ಕಕ್ಕೆ ಮಾರುತ್ತಿದ್ದ ಸೇವೆಯ ಮೊದಲ ಬಾಬತ್ತೇ ಕಾನೂನಿನ ಪ್ರಕಾರ ಅವರು ಮಾಡಬಾರದ ಕೆಲಸವಾಗಿತ್ತು.

ಹಣ ಕಟ್ಟಿದ ಮೇಲೆ ಮುದ್ರೆ, ಸಹಿ, ಹೊಳೆಯುವ ಲಾಂಛನ ಎಲ್ಲವೂ ಇದ್ದ ಪ್ರಮಾಣಪತ್ರಗಳು ಬಂದವು. ಜರ್ಮನಿಗೊಂದು ಸಂಖ್ಯೆ, ಫ್ರಾನ್ಸಿಗೊಂದು ಸಂಖ್ಯೆ. ಆಸ್ಟ್ರಿಯಾಕ್ಕೆ ‘ಪ್ರಕ್ರಿಯೆಯಲ್ಲಿದೆ’ ಎಂಬ ಒಂದು ಸಾಲು. ಸಂಖ್ಯೆಗಳನ್ನು ತಾಣದಲ್ಲಿ ತುಂಬಿದ್ದಾಯಿತು, ವ್ಯಾಪಾರ ನಡೆಯಿತು.

ಮೊದಲ ಅನುಮಾನ ಹುಟ್ಟಿದ್ದು ಫ್ರಾನ್ಸಿನ ಲೆಕ್ಕದಲ್ಲಿ. ಅಲ್ಲಿನ ಮಾರಾಟದ ಹಣದಿಂದ ಪರಿಸರ ವಂತಿಗೆ ಎಂದು ಸ್ವಲ್ಪ, ಅದರ ಮೇಲೆ ಸೇವಾ ಶುಲ್ಕ ಎಂದು ಇನ್ನಷ್ಟು ಕಡಿತವಾಗುತ್ತಿತ್ತು. ಫ್ರಾನ್ಸಿನ ಪದ್ಧತಿ ಜರ್ಮನಿಯದಕ್ಕಿಂತ ಬೇರೆ. 2020ರ ಫೆಬ್ರುವರಿಯ ತ್ಯಾಜ್ಯ ವಿರೋಧಿ ಕಾಯ್ದೆಯಂತೆ, 2022ರ ಆರಂಭದಿಂದ ಮಾರಾಟಗಾರನ ಬಳಿ ಸರಿಯಾದ ಗುರುತಿನ ಸಂಖ್ಯೆ ಇಲ್ಲದಿದ್ದರೆ ತಾಣವೇ ಆ ಹೊಣೆಯನ್ನು ಹೊತ್ತುಕೊಳ್ಳಬೇಕು. ತಾಣ ಅದನ್ನು ನಮ್ಮಿಂದ ವಸೂಲು ಮಾಡುತ್ತದೆ. ಸಂಖ್ಯೆ ಕೊಟ್ಟಿದ್ದೂ ಕಡಿತವೇಕೆ ಎಂದು ಸಂಸ್ಥೆಯವರನ್ನು ಕೇಳಿದರೆ, “ತಾಣದ ಕಂಪ್ಯೂಟರಿನ ದೋಷ, ತಾನಾಗಿ ಸರಿಹೋಗುತ್ತದೆ” ಎಂಬ ಉತ್ತರ.

ಸರಿಹೋಗಲಿಲ್ಲ. ಫ್ರಾನ್ಸಿನ ಪರಿಸರ ಸಂಸ್ಥೆ ಆಡೆಮ್ ನಡೆಸುವ ‘ಸಿಡೆರೆಪ್’ ತಾಣದಲ್ಲಿ ಯಾವ ಸಂಖ್ಯೆ ಯಾರದೆಂದು ಯಾರು ಬೇಕಾದರೂ ನೋಡಬಹುದು. ನೋಡಿದೆ. ನನಗೆ ಕೊಟ್ಟಿದ್ದ ಸಂಖ್ಯೆ ನನ್ನದಾಗಿರಲಿಲ್ಲ, ಬೇರೆ ಯಾವುದೋ ವ್ಯಾಪಾರದ್ದು. ಅದೂ ಪ್ಯಾಕಿಂಗ್ ವಿಭಾಗದ್ದು. ಫ್ರಾನ್ಸಿನಲ್ಲಿ ಒಂದೊಂದು ವಿಭಾಗಕ್ಕೂ ಬೇರೆ ಬೇರೆ ಸಂಖ್ಯೆ ಬೇಕು ಎಂಬುದನ್ನು ಆಗ ತಿಳಿದೆ. ಪ್ಯಾಕಿಂಗ್‌ಗೆ ಸಿಟೆಯೊದಂಥ ಸಂಸ್ಥೆ, ಬಟ್ಟೆಗೆ ರಿಫ್ಯಾಷನ್, ಆಟಿಕೆಗೆ ಮತ್ತೊಂದು. ದೀಪವನ್ನು ಬದಿಗಿಟ್ಟರೂ ಬೊಂಬೆ, ಬಟ್ಟೆ, ಪೆಟ್ಟಿಗೆ ಎಂದು ನನ್ನಂಥವಳಿಗೆ ಮೂರು ಸಂಖ್ಯೆಗಳು ಬೇಕಿದ್ದವು. ಕೊಟ್ಟಿದ್ದು ಒಂದು, ಅದೂ ಕಂಡವರದ್ದು. ಜೊತೆಗೆ ಫ್ರಾನ್ಸಿನಲ್ಲಿ ಯಾವುದನ್ನು ಯಾವ ಕಸದ ಡಬ್ಬಿಗೆ ಹಾಕಬೇಕೆಂಬ ಸೂಚನೆಯೊಂದಿಗೆ ಟ್ರಿಮಾನ್ ಎಂಬ ಚಿಹ್ನೆಯನ್ನು ಮುದ್ರಿಸಬೇಕೆಂಬ ನಿಯಮವೂ ಇದೆ. ಅದರ ಸುದ್ದಿಯನ್ನೇ ಆ ಮಹಾನುಭಾವರು ಎತ್ತಿರಲಿಲ್ಲ.

ಅದರ ಬೆನ್ನಿಗೇ ಜರ್ಮನಿಯ ಪೆಟ್ಟು. ‘ನೀವು ಕೊಟ್ಟಿರುವ ಲುಸಿಡ್ ಸಂಖ್ಯೆಯ ಹೆಸರಿಗೂ ನಿಮ್ಮ ಖಾತೆಯ ಹೆಸರಿಗೂ ತಾಳೆಯಾಗುತ್ತಿಲ್ಲ’ ಎಂದು ತಾಣದ ಸೂಚನೆ ಬಂದು, ಜರ್ಮನಿಯ ಪಟ್ಟಿಯಲ್ಲಿದ್ದ ನನ್ನ ಸರಕೆಲ್ಲ ಮಾಯವಾಯಿತು. ಕಾರಣ ಕೇಳಿದರೆ ಕನ್ನಡಿಗರಿಗೆ ಮಾತ್ರ ಪೂರ್ತಿ ಅರ್ಥವಾದೀತು. ನಮ್ಮ ಹೆಸರಿನ ಮುಂದೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದಿರುತ್ತದೆ, ಜರ್ಮನಿಯ ವ್ಯಾಪಾರ ನೋಂದಣಿಯಲ್ಲಿ ಅಪ್ಪನ ಹೆಸರೇ ಕುಲನಾಮವಾಗಿ ಕೂತಿರುತ್ತದೆ. ಸಂಸ್ಥೆಯವರು ಇದಾವುದನ್ನೂ ನೋಡದೆ ತಮಗೆ ತೋಚಿದಂತೆ ಹೆಸರು ತುಂಬಿದ್ದರು. ತಾಣಗಳು ಲುಸಿಡ್‌ನ ದತ್ತಾಂಶದೊಂದಿಗೆ ಯಾಂತ್ರಿಕವಾಗಿ ತಾಳೆ ನೋಡುತ್ತವೆ. ಒಂದಕ್ಷರ ಆಚೀಚೆಯಾದರೂ ಅಲ್ಲಿ ವಾದಕ್ಕೆ ಮನುಷ್ಯರು ಸಿಗುವುದಿಲ್ಲ.

ಹೆಸರನ್ನು ತಿದ್ದೋಣವೆಂದರೆ ಖಾತೆಗೆ ಪ್ರವೇಶವಿಲ್ಲ. ನೋಂದಣಿಯಾಗಿದ್ದದ್ದು ಅವರ ಇಮೇಲ್ ವಿಳಾಸದಲ್ಲಿ. ಗುಪ್ತಪದ ಬದಲಿಸಲು ಕೇಳಿದರೆ ಸಂದೇಶ ಹೋಗುವುದು ಅವರಿಗೆ. ಅವರು “ಖಾತೆ ವರ್ಗಾವಣೆ ಶುಲ್ಕ” ಎಂದು ಇನ್ನೊಂದು ಬಿಲ್ ಕಳುಹಿಸಿದರು. ಆ ಬಿಲ್ಲನ್ನು ನಾನು ಕಟ್ಟಲಿಲ್ಲ. ವ್ಯಾಪಾರ ನೋಂದಣಿಯ ಪ್ರತಿ, ಗುರುತಿನ ಚೀಟಿ, ನಡೆದ ಸಂಗತಿಯ ವಿವರ ಇಟ್ಟು ನೋಂದಣಿ ಸಂಸ್ಥೆಗೇ ನೇರವಾಗಿ ಬರೆದೆ. ಖಾತೆ ನನ್ನ ಕೈಗೆ ಬಂತು. ಆದರೆ ಅಷ್ಟರಲ್ಲಿ ಜರ್ಮನಿಯ ಹಬ್ಬದ ವ್ಯಾಪಾರ ಮುಗಿದಿತ್ತು.

ಖಾತೆಯೊಳಗೆ ಹೋಗಿ ನೋಡಿದಾಗ ಕಂಡದ್ದು ಇನ್ನೂ ಕೆಟ್ಟದ್ದು: ಏನೂ ಇರಲಿಲ್ಲ. ನೋಂದಣಿ ಸಂಖ್ಯೆ ಸಿಕ್ಕರೆ ಕೆಲಸ ಮುಗಿಯಿತೆಂದು ಬಹಳ ಮಂದಿ ನಂಬಿದ್ದಾರೆ. ಈ ಏಜೆಂಟರು ಬದುಕುವುದೇ ಆ ನಂಬಿಕೆಯ ಮೇಲೆ. ಸಂಖ್ಯೆ ಮೊದಲ ಮೆಟ್ಟಿಲು ಮಾತ್ರ. ಅದಾದ ಮೇಲೆ, ಜರ್ಮನಿಯ ಮನೆಗಳಿಂದ ಪ್ಯಾಕಿಂಗ್ ಕಸ ಎತ್ತಿಸಿ ಮರುಬಳಕೆ ಮಾಡಿಸುವ ‘ದ್ವಂದ್ವ ವ್ಯವಸ್ಥೆ’ ಕಂಪನಿಗಳಲ್ಲಿ ಒಂದರೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕು. ಗ್ರ್ಯೂನೆ ಪುಂಕ್ಟ್, ಇಂಟರ್‌ಝೀರೋ, ಲ್ಯಾಂಡ್‌ಬೆಲ್ ಮುಂತಾಗಿ ಹಲವು ಇವೆ. ವರ್ಷಕ್ಕೆ ಎಷ್ಟು ಕಿಲೋ ರಟ್ಟು, ಎಷ್ಟು ಪ್ಲಾಸ್ಟಿಕ್ ಬಳಸುತ್ತೇವೆಂದು ಅಂದಾಜಿಸಿ ಹಣ ಕಟ್ಟಬೇಕು. ಕಂಪನಿಗೆ ಹೇಳಿದ ಅದೇ ಅಂಕಿಗಳನ್ನು ಲುಸಿಡ್‌ನಲ್ಲೂ ದಾಖಲಿಸಬೇಕು. ವರ್ಷ ಮುಗಿದ ಮೇಲೆ ನಿಜವಾದ ತೂಕವನ್ನು ಎರಡೂ ಕಡೆ ಹೇಳಬೇಕು. ಎರಡು ಕಡೆಯ ಅಂಕಿಗಳು ಹೊಂದದಿದ್ದರೆ ಅದೂ ಕಣ್ಣಿಗೆ ಬೀಳುತ್ತದೆ. ನನ್ನ ಖಾತೆಯಲ್ಲಿ ಒಪ್ಪಂದವೂ ಇಲ್ಲ, ತೂಕವೂ ಇಲ್ಲ. ಬರಿಯ ಸಂಖ್ಯೆ.

ಅಡುಗೆಮನೆಯ ತಕ್ಕಡಿಯನ್ನು ಮೇಜಿನ ಮೇಲಿಟ್ಟು ಪ್ರತಿ ಅಳತೆಯ ಪೆಟ್ಟಿಗೆಯನ್ನೂ ತೂಗಿ, ಕಳುಹಿಸಿದ ಪಾರ್ಸೆಲ್‌ಗಳ ಲೆಕ್ಕದಿಂದ ಗುಣಿಸಿ, ಹಿಂದಿನ ವರ್ಷದ್ದಕ್ಕೂ ಸೇರಿಸಿ ನಾನೇ ಒಪ್ಪಂದ ಮಾಡಿಕೊಂಡೆ. ಹಿಂದಿನ ವರ್ಷಗಳ ತೂಕಕ್ಕೆ ತಡವಾಗಿ ಹಣ ಕಟ್ಟಲು ಈ ಕಂಪನಿಗಳು ಅವಕಾಶ ಕೊಡುತ್ತವೆ. ನನ್ನಷ್ಟು ಸಣ್ಣ ವ್ಯಾಪಾರಕ್ಕೆ ವರ್ಷಕ್ಕೆ ಕೆಲವೇ ಹತ್ತು ಯೂರೋಗಳ ಬಾಬತ್ತು ಅದು. ಏಜೆಂಟರಿಗೆ ಕೊಟ್ಟ ದುಡ್ಡಿನಲ್ಲಿ ಹಲವು ವರ್ಷಗಳ ವಂತಿಗೆ ಕಟ್ಟಬಹುದಿತ್ತು. ಹೊಟ್ಟೆ ಉರಿಯುವುದು ಅದಕ್ಕೇ.

ಇನ್ನೊಂದು ಅಪಾಯವನ್ನು ಹೇಳಲೇಬೇಕು. ಲುಸಿಡ್‌ನ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು, ಹಾಗಾಗಿ ನಮ್ಮ ಪ್ರತಿಸ್ಪರ್ಧಿಗಳೂ ನೋಡುತ್ತಾರೆ. ಹೆಸರಿಲ್ಲದವರಿಗೆ ವಕೀಲರ ಮೂಲಕ ‘ಅಬ್‌ಮಾನುಂಗ್’ ಎಂಬ ಎಚ್ಚರಿಕೆ ಪತ್ರ ಕಳುಹಿಸಿ, ಅದರ ಖರ್ಚನ್ನೂ ನಮ್ಮಿಂದಲೇ ಕೇಳುವ ಪದ್ಧತಿ ಜರ್ಮನಿಯಲ್ಲಿದೆ. ಸರ್ಕಾರದ ದಂಡಕ್ಕಿಂತ ಮೊದಲು ಮನೆಬಾಗಿಲಿಗೆ ಬರುವುದು ಈ ಪತ್ರವೇ.

ಬ್ಯಾಟರಿ ದೀಪದ ವಿಷಯ ಪ್ರತ್ಯೇಕವಾಗಿ ಹೇಳುತ್ತೇನೆ, ಏಕೆಂದರೆ ದೀಪಾವಳಿಗೆ ನಮ್ಮವರು ಹೆಚ್ಚಾಗಿ ತರಿಸುವುದು ಇದನ್ನೇ. ಅಂಗೈಯಗಲದ ಪ್ಲಾಸ್ಟಿಕ್ ಹಣತೆ, ಒಳಗೊಂದು ಎಲ್‌ಇಡಿ, ಒಂದು ಗುಂಡಿ ಬ್ಯಾಟರಿ. ಜರ್ಮನಿಯಲ್ಲಿ ಇದಕ್ಕೆ ಮೂರು ನೋಂದಣಿ: ಪೆಟ್ಟಿಗೆಗೆ ಲುಸಿಡ್, ವಿದ್ಯುತ್ ಉಪಕರಣವೆಂದು ಶ್ಟಿಫ್ಟುಂಗ್ ಇಎಆರ್ ಸಂಸ್ಥೆಯಲ್ಲಿ ಒಂದು, ಒಳಗಿನ ಬ್ಯಾಟರಿಗೆ ಅಲ್ಲಿಯೇ ಮತ್ತೊಂದು. ವಿದ್ಯುತ್ ಉಪಕರಣದ ನೋಂದಣಿಯನ್ನು ಮಾರಾಟಕ್ಕಿಡುವ ಮುಂಚೆಯೇ, ಬ್ರ್ಯಾಂಡ್ ಮತ್ತು ಉಪಕರಣದ ಬಗೆಯನ್ನು ಹೇಳಿ ಮಾಡಿಸಬೇಕು. ನೋಂದಣಿಯಿಲ್ಲದ ಬ್ರ್ಯಾಂಡನ್ನು ತರಿಸಿ ಮಾರಿದರೆ ಮಾರಿದವರನ್ನೇ ಉತ್ಪಾದಕರೆಂದು ಕಾಯ್ದೆ ಹಿಡಿಯುತ್ತದೆ. 2023ರ ಜುಲೈ 1ರಿಂದ ತಾಣಗಳು ಇದನ್ನೂ ಪರಿಶೀಲಿಸುತ್ತವೆ. ಭಾರತದಿಂದ ನೇರವಾಗಿ ಮಾರುವವರಿಗೆ ಇದರಲ್ಲಿ ಜರ್ಮನಿಯಲ್ಲಿರುವ ಅಧಿಕೃತ ಪ್ರತಿನಿಧಿ ಇರಲೇಬೇಕು. ಬ್ಯಾಟರಿಗಳಿಗೆ ಯೂರೋಪಿಯನ್ ಒಕ್ಕೂಟದ 2023ರ ಹೊಸ ಕಟ್ಟಳೆಯ ಹೊಣೆಗಾರಿಕೆ ಭಾಗವೂ 2025ರ ಆಗಸ್ಟ್ 18ರಿಂದ ಅನ್ವಯವಾಗಿದೆ. ನಾನು ದೀಪ ಮಾರುವುದನ್ನೇ ನಿಲ್ಲಿಸಿದೆ. ಮಣ್ಣಿನ ಹಣತೆಗೆ ಪೆಟ್ಟಿಗೆಯ ಲೆಕ್ಕ ಕೊಟ್ಟರೆ ಸಾಕು.

ಆಸ್ಟ್ರಿಯಾವನ್ನೂ ಬಿಟ್ಟೆ. 2023ರ ಆರಂಭದಿಂದ ಅಲ್ಲಿ ಕಚೇರಿ ಇಲ್ಲದ ಮಾರಾಟಗಾರರು ಪ್ಯಾಕಿಂಗ್‌ಗೆ ಅಧಿಕೃತ ಪ್ರತಿನಿಧಿಯನ್ನು ನೇಮಿಸಲೇಬೇಕು. ಅದಕ್ಕೆ ನೋಟರಿ ದೃಢೀಕರಿಸಿದ ಅಧಿಕಾರಪತ್ರ ಬೇಕು. ಬೆರಳೆಣಿಕೆಯ ಬೊಂಬೆಗಳಿಗೆ ಈ ಖರ್ಚು ಹೊಂದುವುದಿಲ್ಲ. ಹಡಗಿನ ಕಂಟೇನರ್‌ಗಟ್ಟಲೆ ಸರಕು ತರುವ ಕಂಪನಿಗೂ ಮನೆಯ ಕೋಣೆಯಲ್ಲಿ ಪ್ಯಾಕ್ ಮಾಡುವವಳಿಗೂ ಒಂದೇ ಕಾಗದಪತ್ರವೆಂದರೆ ಹಿಂದೆ ಸರಿಯುವವರು ಯಾರೆಂದು ಬೇರೆ ಹೇಳಬೇಕಿಲ್ಲ. ಗಡಿಯಿಲ್ಲದ ಮಾರುಕಟ್ಟೆಯೆಂದು ಹೆಸರು, ಪೆಟ್ಟಿಗೆಗೆ ಮಾತ್ರ ಪ್ರತಿ ದೇಶದಲ್ಲೂ ಬೇರೆ ಬೇರೆ ಚಾವಡಿ.

ಇನ್ನು ಮುಂದೆ ಏಜೆಂಟರ ಬಾಯಲ್ಲಿ ಕೇಳಿಬರುವ ಹೊಸ ಹೆದರಿಕೆಗಳು ಎರಡು. 2025/40 ಸಂಖ್ಯೆಯ ಒಕ್ಕೂಟದ ಪ್ಯಾಕೇಜಿಂಗ್ ನಿಯಮ 2026ರ ಆಗಸ್ಟ್ 12ರಿಂದ ಅನ್ವಯವಾಗುವುದೆಂದು ನಿಗದಿಯಾಗಿದೆ ಎಂಬುದು ಒಂದು. ಬಟ್ಟೆಗಳಿಗೂ ಎಲ್ಲ ಸದಸ್ಯ ದೇಶಗಳಲ್ಲಿ ಇಪಿಆರ್ ಬರುತ್ತದೆ ಎಂಬುದು ಇನ್ನೊಂದು. ಎರಡೂ ನಿಜ. ಬಟ್ಟೆಯ ನಿರ್ದೇಶನ 2025ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದಿದೆ, ವ್ಯವಸ್ಥೆ ಕಟ್ಟಲು ದೇಶಗಳಿಗೆ 30 ತಿಂಗಳ ಕಾಲಾವಕಾಶವಿದೆ. ಹಾಗಾಗಿ ‘ಜರ್ಮನಿಯಲ್ಲಿ ಸೀರೆಗೆ ಈಗಲೇ ಬಟ್ಟೆಯ ಸಂಖ್ಯೆ ಕೊಡಿಸುತ್ತೇವೆ’ ಎಂದು ಯಾರಾದರೂ ಬಂದರೆ ಬಾಗಿಲು ತೋರಿಸಿ. ಸೀರೆ ಕಳುಹಿಸುವ ಲಕೋಟೆಗೆ ಲುಸಿಡ್ ಬೇಕು, ಅದು ಬೇರೆ ಮಾತು. ‘ಹಸಿರು ಚುಕ್ಕೆ’ ಚಿಹ್ನೆ ಕಡ್ಡಾಯವೆಂದು ಹೇಳುವವರನ್ನೂ ನಂಬಬೇಡಿ. ಜರ್ಮನಿಯಲ್ಲಿ ಆ ಕಡ್ಡಾಯ 2009ರಲ್ಲೇ ಹೋಯಿತು. ಭಾರತದಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಮಾಡಿಸಿದ ಇಪಿಆರ್ ನೋಂದಣಿ ಇಲ್ಲಿಗೆ ಸಲ್ಲುವುದಿಲ್ಲ.

ಪ್ರತಿನಿಧಿಗಳೆಲ್ಲ ಮೋಸಗಾರರು ಎನ್ನುತ್ತಿಲ್ಲ. ವಿದ್ಯುತ್ ಉಪಕರಣಕ್ಕೆ, ಆಸ್ಟ್ರಿಯಾಕ್ಕೆ ಅವರಿಲ್ಲದೆ ಆಗುವುದೂ ಇಲ್ಲ. ಆದರೆ ಹಣ ಕೊಡುವ ಮುಂಚೆ ಯಾವ ದೇಶಕ್ಕೆ, ಯಾವ ವಿಭಾಗಕ್ಕೆ, ಯಾವ ಮರುಬಳಕೆ ಸಂಸ್ಥೆಯೊಂದಿಗೆ, ಯಾರ ಇಮೇಲ್‌ನಲ್ಲಿ ಎಂಬ ನಾಲ್ಕನ್ನು ಬರವಣಿಗೆಯಲ್ಲಿ ಕೇಳಿ. ‘ಇಡೀ ಯೂರೋಪ್’ ಎಂಬ ಉತ್ತರ ಬಂದರೆ ಫೋನ್ ಇಟ್ಟುಬಿಡಿ. ಅಂಥ ಇಪಿಆರ್ ಸಂಖ್ಯೆ ಯಾವುದೂ ಇಲ್ಲ. ಈಗಾಗಲೇ ಸಂಖ್ಯೆ ಪಡೆದವರು ಇವತ್ತೇ ಲುಸಿಡ್ ಮತ್ತು ಸಿಡೆರೆಪ್‌ಗಳಲ್ಲಿ ನಿಮ್ಮ ಹೆಸರನ್ನು ಹುಡುಕಿ ನೋಡಿ. ಜರ್ಮನಿಯ ಖಾತೆಗೆ ನೀವೇ ಪ್ರವೇಶಿಸಲು ಆಗುತ್ತದೆಯೇ ಎಂದೂ ನೋಡಿ.

ಕೊನೆಯದಾಗಿ ಒಪ್ಪಂದದ ಸಣ್ಣಕ್ಷರ. ವ್ಯಾಪಾರಿಯಾಗಿ ಸಹಿ ಹಾಕಿದ್ದರಿಂದ, ಗ್ರಾಹಕರಿಗೆ ಇರುವ ಹದಿನಾಲ್ಕು ದಿನಗಳ ಹಿಂತೆಗೆತದ ಹಕ್ಕು ನಮಗಿಲ್ಲ. ನನ್ನ ಒಪ್ಪಂದ ವರ್ಷಾವಧಿ ಮುಗಿದ ಮೇಲೆ ತಾನಾಗಿಯೇ ನವೀಕರಣಗೊಳ್ಳುವಂಥದ್ದು. ರದ್ದತಿ ಪತ್ರವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ ರಸೀದಿ ಇಟ್ಟುಕೊಂಡಿದ್ದೇನೆ. ಆದರೂ ಮೊನ್ನೆ ನವೀಕರಣದ ಬಿಲ್ ಬಂದಿದೆ, ಅದರಲ್ಲಿ ‘ಆಸ್ಟ್ರಿಯಾ: ಪ್ರಕ್ರಿಯೆಯಲ್ಲಿದೆ’ ಎಂಬ ಸಾಲೂ ಇದೆ.